ಕಂಡಕ್ಟರ್ ಅಕ್ಕನ ತೋಳು

ಗ್ಯಾಸ್ ಸಿಲಿಂಡರ್ ಬಂದ ದಿನ ಆಕೆ ನೆನಪಾಗುತ್ತಾಳೆ. ನನ್ನ ಕೋಣೆ ಇರುವುದು ಮಹಡಿಯ ಮೇಲೆ. ಮೆಟ್ಟಿಲು ಇಕ್ಕಟ್ಟು, ನಡುವೆ ಒಂದು ತಿರುವು ಬೇರೆ. ಸಿಲಿಂಡರ್ ತರುವವನು ಅದನ್ನು ಕೆಳಗೇ ಇಳಿಸಿ, ಮೇಲೆ ಒಯ್ಯುವುದು ತನ್ನ ಕೆಲಸವಲ್ಲವೆಂದು ಹೇಳಿ ಹೋಗಿಬಿಡುತ್ತಾನೆ. ಆಕೆ ಇದ್ದಾಗ ಅವನ ಮಾತು ಮುಗಿಯುವ ಮೊದಲೇ ಕೆಳಗಿಳಿದು, ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕಾಯಿಪಲ್ಲೆಯ ಚೀಲವನ್ನೂ ಹಿಡಿದು ಮೇಲೆ ಬರುತ್ತಿದ್ದಳು. ಉಸಿರು ಹೆಚ್ಚಾಗುತ್ತಿರಲಿಲ್ಲ. ಈಗ ನಾನು ಒಂದೊಂದೇ ಮೆಟ್ಟಿಲಿಗೆ ನಿಂತು ಎಳೆಯುತ್ತೇನೆ. ಮನೆಯೊಡತಿ ಕೆಳಗಿನ ಬಾಗಿಲಲ್ಲಿ ನಿಂತು ಸದ್ದು ಕೇಳಿ, ನಿಮ್ಮ ಕಂಡಕ್ಟರ್ ಇರಬೇಕಿತ್ತು ನೋಡ್ರಿ ಎನ್ನುತ್ತಾರೆ. ಇರಬೇಕಿತ್ತು.

ಹೀಗೆ ನೆನೆದು ಬರೆಯುವುದು ಸಾಮಾನ್ಯವಾಗಿ ಸತ್ತವರನ್ನು. ಆಕೆ ಸತ್ತಿಲ್ಲ, ನಿವೃತ್ತಳಾಗುವ ವಯಸ್ಸೂ ಅಲ್ಲ. ವರ್ಗವಾಗಿ ಹೋಗಿದ್ದಾಳೆ, ಅಷ್ಟೇ. ಹೋದದ್ದು ಸಂತೋಷದ ಕಾರಣಕ್ಕೆ. ಆದರೂ ಎದುರಿನ ಮಂಚ ಖಾಲಿಯಾದಾಗಿನಿಂದ ನಾನು ಅದರ ಮೇಲೆ ಒಂದು ಬಟ್ಟೆಯನ್ನೂ ಇಟ್ಟಿಲ್ಲ. ಹೆಸರು ಬರೆಯುವುದಿಲ್ಲ. ಬಸ್ಸಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಮುದುಕಿಯರಿಗೆ ತಂಗಿ, ಸಾಲಿ ಹುಡುಗಿಯರಿಗೆ ಮೇಡಂ, ನನಗೆ ಅಕ್ಕ.

ನಾನು ಸವದತ್ತಿಯ ಬಸ್ ನಿಲ್ದಾಣದ ಹಿಂದಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ತವರು ರಾಮದುರ್ಗ. ಅಪ್ಪ ಅವ್ವ ಇಬ್ಬರೂ ಮಗ್ಗದವರು. ಕೆಲಸ ಸಿಕ್ಕು ಇಲ್ಲಿ ಕೋಣೆ ಹಿಡಿದಾಗ ಮನೆಯೊಡತಿ ಇನ್ನೊಬ್ಬ ಹೆಣ್ಣುಮಗಳು ಬರುತ್ತಾಳೆ, ಸರ್ಕಾರಿ ನೌಕರಿಯವಳು, ಸಂಭಾವಿತಳು ಎಂದಿದ್ದರು. ಮರುದಿನ ಖಾಕಿ ಸಮವಸ್ತ್ರದಲ್ಲಿ ಒಬ್ಬ ಎತ್ತರದ ಹೆಂಗಸು ಒಂದು ಟ್ರಂಕು ಮತ್ತು ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟು ಹೊತ್ತು ಬಂದಳು. ಗಂಟು ನೆಲಕ್ಕಿಟ್ಟಾಗ ಇಡೀ ಮಹಡಿ ಸದ್ದು ಮಾಡಿತು. ಒಡತಿ ಓಡಿ ಬಂದು ಬಿಚ್ಚಿ ನೋಡಿದರೆ ಕಬ್ಬಿಣದ ಡಂಬೆಲ್ಲುಗಳು.

"ಇವೇನ್ರಿ, ತೂಕದ ಕಲ್ಲೇನು?"

"ಹೂಂರಿ," ಅಂದಳು ಅಕ್ಕ. "ನನ್ನನ್ನ ತೂಗಾಕ ತಂದೇನಿ."

ಒಡತಿಗೆ ಅರ್ಥವಾಗಲಿಲ್ಲ, ಆದರೆ ನಗು ಬಂತು. ಅಂದಿನಿಂದ ಅವರಿಬ್ಬರಿಗೂ ಗೆಳೆತನ. ಆದರೆ ಒಂದು ವಿಷಯದಲ್ಲಿ ಒಡತಿ ಗಟ್ಟಿ ನಿಂತರು: ದಿನಾ ಲಿಂಗಪೂಜೆ ನಡೆಯುವ ಮನೆ, ಒಳಗೆ ತತ್ತಿ ಬರಬಾರದು. ಅಕ್ಕ ಒಪ್ಪಿಕೊಂಡಳು. ಮನೆಯಲ್ಲಿ ಮೊಳಕೆ ಬಂದ ಮಡಿಕೆಕಾಳು, ಹಾಲು, ಶೇಂಗಾ. ತತ್ತಿ ತಿನ್ನುವುದಕ್ಕೆ ನಿಲ್ದಾಣದ ಹಿಂದಿನ ಕೈಗಾಡಿ. ಖಾಕಿ ಅಂಗಿಯ ಹೆಂಗಸು ನಿಂತಲ್ಲೇ ಹಳದಿ ತೆಗೆದು ಬಿಳಿಯದನ್ನಷ್ಟೇ ಒಂದರ ಹಿಂದೊಂದು ತಿನ್ನುವುದನ್ನು ನೋಡಲು ಆಟೋದವರು ಸೇರುತ್ತಿದ್ದರು. ತೆಗೆದ ಹಳದಿಯನ್ನು ಅಲ್ಲಿನ ನಾಯಿಗಳಿಗೆ ಹಾಕುತ್ತಿದ್ದಳು. ಆ ನಾಯಿಗಳು ಆಕೆಯ ಬಸ್ಸನ್ನು ಗುರುತಿಸುತ್ತಿದ್ದವು.

ಆಕೆಯ ತಂದೆ ಬೈಲಹೊಂಗಲದ ಅಡತಿ ಅಂಗಡಿಗಳಲ್ಲಿ ಹಮಾಲನಾಗಿದ್ದ. ಚಿಕ್ಕಂದಿನಲ್ಲಿ ಬುತ್ತಿ ಒಯ್ದಾಗ, ಅಪ್ಪ ಅರಳೆಯ ಅಂಡಿಗೆಯ ದೊಡ್ಡ ಹೊರೆಯ ಕೆಳಗೆ ಬಾಗಿ ಏಳುವುದನ್ನು ನೋಡುತ್ತ ನಿಲ್ಲುತ್ತಿದ್ದಳಂತೆ. ಏಳುವಾಗ ಬೆನ್ನಿನ ಎರಡೂ ಬದಿ ತೆರೆದುಕೊಳ್ಳುತ್ತಿತ್ತಂತೆ, ಬಾಗಿಲು ತೆರೆದ ಹಾಗೆ. ಗಂಡುಮಕ್ಕಳಿಗೆ ಬರಬೇಕಾದ ಬೆನ್ನು ತನಗೆ ಬಂತು ಎಂದು ನಗುತ್ತಿದ್ದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು.

ಕಸರತ್ತು ಶುರುವಾದದ್ದು ಈ ಕೋಣೆಗೆ ಬರುವ ಮೊದಲೇ, ಭುಜದ ನೋವಿನಿಂದ. ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾದ ಮೇಲೆ ಹುಣ್ಣಿಮೆ ಬಂತೆಂದರೆ ಗುಡ್ಡದ ದೇವಿಗೆ ಹೊರಟವರಿಂದ ಸವದತ್ತಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಮೇಲಿನ ಸರಳು ಹಿಡಿದು ಜೋತಾಡಿ ಭುಜ ಹಿಡಿದುಕೊಂಡಿತ್ತು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲೆ ಮಾಜಿ ಸೈನಿಕರೊಬ್ಬರು ಜಿಮ್ ನಡೆಸುತ್ತಿದ್ದರು. ಊರವರೆಲ್ಲ ಅವರನ್ನು ಸುಬೇದಾರರು ಎನ್ನುತ್ತಿದ್ದರು. ಹುಡುಗರು ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಆಕೆಗೆ ಹಗುರ ಕಸರತ್ತು ಹೇಳಿಕೊಟ್ಟರು. ನೋವು ಹೋಯಿತು, ಆದರೆ ಆಕೆ ಜಿಮ್ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ಖಾಕಿ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಬೇಕಾಯಿತು. ಮತ್ತೊಮ್ಮೆ ಬಿಚ್ಚಿಸಲು ಹೋದಾಗ ದರ್ಜಿ ಇನ್ನು ಬಿಚ್ಚಲು ಬಟ್ಟೆಯಿಲ್ಲ, ನೀವೇ ಬೆಳೆಯುವುದನ್ನು ನಿಲ್ಲಿಸಿ ಎಂದನಂತೆ.

ಕನ್ನಡಿಯ ಮುಂದೆ ನಿಂತು ಭಂಗಿ ಅಭ್ಯಾಸ ಮಾಡುವಾಗ ಆಕೆ ಸ್ನಾಯುಗಳನ್ನು ಪ್ರಯಾಣಿಕರಂತೆ ಮಾತಾಡಿಸುತ್ತಿದ್ದಳು. ಭುಜಕ್ಕೆ, ಮುಂದ ಬರ್ರಿ, ಮುಂದ ಜಾಗಾ ಐತಿ. ತೊಡೆಗೆ, ಬಾಗಲದಾಗ ನಿಂದರಬ್ಯಾಡ್ರಿ. ನಾನು ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ನಕ್ಕ ಕಾಲ ಬೇರೆ ಇಲ್ಲ.

ನಾನೋ ಪುಕ್ಕಲು. ಕೊನೆಯ ಬಸ್ಸಿಗೆ ಒಬ್ಬಳೇ ಹತ್ತಲಾರೆ, ಲ್ಯಾಬಿನ ಮಾಲೀಕರ ಮುಂದೆ ರಜೆ ಕೇಳಲಾರೆ. ಆಕೆ ನನಗೆ ಉಪದೇಶ ಮಾಡಲಿಲ್ಲ. ಒಂದು ಸಂಜೆ ನನ್ನ ಎರಡೂ ಕೈಗೆ ಡಂಬೆಲ್ ಕೊಟ್ಟು, ಮೊಣಕಾಲು ಎಲ್ಲಿ ಇರಬೇಕು, ಉಸಿರು ಯಾವಾಗ ಬಿಡಬೇಕು ಎಂದು ತೋರಿಸಿದಳು, ಅಷ್ಟೇ. ಆ ತಿಂಗಳ ಕೊನೆಗೆ ನಾನು ರಜೆ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಸುಬೇದಾರರು ಆಕೆಯನ್ನು ರಾಜ್ಯಮಟ್ಟದ ಮಹಿಳೆಯರ ದೇಹದಾರ್ಢ್ಯ ಸ್ಪರ್ಧೆಗೆ ಸಿದ್ಧಗೊಳಿಸಬೇಕೆಂದು ಮನಸ್ಸು ಮಾಡಿದರು. ನಮ್ಮ ಕಡೆಯಿಂದ ಹೆಣ್ಣುಮಕ್ಕಳು ಯಾರೂ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಅಕ್ಕ ಮೊದಲು ನಕ್ಕಳು, ಆಮೇಲೆ ಒಪ್ಪಿದಳು. ಒಪ್ಪಿದ ಮೇಲೆ ಆಕೆ ಕಟ್ಟುನಿಟ್ಟು. ಊಟ ತೂಕ ಮಾಡಿ, ಕಸರತ್ತು ಹೊತ್ತಿಗೆ ಸರಿಯಾಗಿ.

ಆದರೆ ಆ ಚಳಿಗಾಲದಲ್ಲಿ ದೇಹ ನಿಂತುಬಿಟ್ಟಿತು. ಎತ್ತುವ ಭಾರ ಏರಲೊಲ್ಲದು. ಉಣ್ಣುವುದರಲ್ಲಿ ಕಡಿಮೆಯಿಲ್ಲ, ಎತ್ತುವುದರಲ್ಲಿ ಕಡಿಮೆಯಿಲ್ಲ, ಆದರೆ ಭುಜ ದಿನೇ ದಿನೇ ಇಳಿಯುತ್ತಿತ್ತು, ಸೊಂಟದ ಸುತ್ತ ಮಾತ್ರ ಮೆತ್ತಗಾಗುತ್ತಿತ್ತು. ಅಲಾರಾಂ ಹೊಡೆಯುವ ಎಷ್ಟೋ ಮೊದಲೇ ಎಚ್ಚರವಾಗಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಎಂದೂ ಸಿಟ್ಟು ಮಾಡದವಳು ಹಾಲು ಉಕ್ಕಿತೆಂದು ನನ್ನ ಮೇಲೆ ರೇಗಿ, ಆಮೇಲೆ ತಾನೇ ಒಲೆ ಒರೆಸುತ್ತ ಕಣ್ಣು ತುಂಬಿಕೊಂಡಳು. ಸುಬೇದಾರರು ಪ್ರೋಟೀನ್ ಪುಡಿ ಬದಲಿಸಿದರು, ಕಸರತ್ತು ಬದಲಿಸಿದರು. ಅಕ್ಕ ಇನ್ನೂ ಹೆಚ್ಚು ಎತ್ತಲು ಹೋದಳು. ಹೆಚ್ಚು ಎತ್ತಿದಷ್ಟೂ ಇಳಿದಳು.

ನಮ್ಮ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಬ್ಬ ಡಾಕ್ಟರಮ್ಮ ವಾರದಲ್ಲಿ ಕೆಲವು ದಿನ ಕೂರುತ್ತಾರೆ. ನಾನು ಅಕ್ಕನನ್ನು ಅವರ ಬಳಿ ಕರೆದೊಯ್ದೆ. ಅವರು ಥೈರಾಯಿಡು, ರಕ್ತ, ಸಕ್ಕರೆ ಎಲ್ಲ ನೋಡಿ, ಕಾರ್ಟಿಸಾಲ್ ಎಂಬ ರಸದ ತಪಾಸಣೆಯನ್ನೂ ಬರೆದರು. ಬೆಳಿಗ್ಗೆಯೇ ತೆಗೆಯಬೇಕಾದ ರಕ್ತ ಅದು. ಡ್ಯೂಟಿಗೆ ಹೊರಡುವ ಮೊದಲು ಲ್ಯಾಬಿನ ಬಾಗಿಲು ತೆರೆದು ನಾನೇ ತೆಗೆದೆ. ಅಷ್ಟು ಒಳ್ಳೆಯ ನರ ನನಗೆ ಯಾರ ಕೈಯಲ್ಲೂ ಸಿಕ್ಕಿರಲಿಲ್ಲ.

ವರದಿಯಲ್ಲಿ ಎಲ್ಲವೂ ಸರಿಯಾಗಿತ್ತು. ಕಾರ್ಟಿಸಾಲ್ ಮೇಲಿನ ಗೆರೆಯ ಹತ್ತಿರವಿತ್ತು, ಗೆರೆ ದಾಟಿರಲಿಲ್ಲ. ಕಾರಣ ಸಿಗಲಿಲ್ಲವೆಂದು ನನಗೆ ನಿರಾಸೆಯಾಯಿತು. ಡಾಕ್ಟರಮ್ಮ ಒಂದು ಬೆಳಗಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ ಎಂದರು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತ ಸಣ್ಣ ಗ್ರಂಥಿಗಳು ಈ ರಸವನ್ನು ಸುರಿಸುತ್ತವೆ. ಅದು ವೈರಿಯಲ್ಲ, ಬೆಳಿಗ್ಗೆ ನಮ್ಮನ್ನು ಎಬ್ಬಿಸುವುದರಲ್ಲಿ ಅದರ ಪಾಲಿದೆ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಲು ಶಕ್ತಿ ಒದಗಿಸುವುದರಲ್ಲೂ ಇದೆ. ಆದರೆ ನಾಯಿ ಹೋದ ಮೇಲೆ ಅದು ಇಳಿಯಬೇಕು. ಮನಸ್ಸಿನಲ್ಲಿ ನಾಯಿ ದಿನವಿಡೀ ಅಟ್ಟಿಸುತ್ತಲೇ ಇದ್ದರೆ ಅದು ಇಳಿಯುವುದಿಲ್ಲ. ಆಗ ದೇಹ ಸ್ನಾಯುವನ್ನೇ ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಕಟ್ಟುವ ಕೆಲಸ ನಿಧಾನವಾಗುತ್ತದೆ. ನಿದ್ದೆ ಕೆಡುತ್ತದೆ. ಗಾಢ ನಿದ್ದೆಯಲ್ಲಿ ಸ್ರವಿಸುವ ಬೆಳವಣಿಗೆಯ ರಸವೂ ಕಡಿಮೆಯಾಗುತ್ತದೆ. ಅತಿಯಾದ ಕಸರತ್ತು, ಹೊಟ್ಟೆ ಕಟ್ಟುವುದು, ಇವೂ ಆ ರಸವನ್ನು ಏರಿಸುತ್ತವೆ. ಇಷ್ಟನ್ನೂ ಅವರು ತಾಳ್ಮೆಯಿಂದ ಹೇಳಿದರು.

"ಅಂದ್ರ," ಎಂದಳು ಅಕ್ಕ, "ಜಿಮ್ಮಿನಾಗ ನಾ ಕಟ್ಟಿದ್ದನ್ನ ನನ್ನ ಚಿಂತಿ ಕೆಡವಾಕ ಹತ್ತೈತಿ."

"ಹಂಗ ತಿಳಕೋರಿ. ಏನ್ ಚಿಂತಿ ಐತಿ ನಿಮಗ?"

ಏನಿಲ್ರಿ ಎಂದು ಅಕ್ಕ ಎದ್ದುಬಿಟ್ಟಳು.

ಅಲ್ಲಿಯವರೆಗೆ ಆಕೆಯ ಸಂಸಾರದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಮದುವೆಯಾಗಿತ್ತು, ಈಗ ಇಲ್ಲ. ಮುಂದಿನ ರವಿವಾರ ನವಿಲುತೀರ್ಥಕ್ಕೆ ಹೋದೆವು. ನಾವು ಆಗಾಗ ಹೋಗುವ ಜಾಗ. ಆಣೆಕಟ್ಟಿನ ಕೆಳಗೆ ನೀರು ಬಿಟ್ಟ ಕಾಲುವೆಯ ದಡದಲ್ಲಿ ಕೂತು ಆಕೆ ಶೇಂಗಾ ಸುಲಿಯುತ್ತ, ನನ್ನ ಮುಖ ನೋಡದೆ ಹೇಳತೊಡಗಿದಳು.

ಕಿತ್ತೂರಿನ ಹತ್ತಿರದ ಒಂದು ಹಳ್ಳಿಗೆ ಆಕೆಯನ್ನು ಕೊಟ್ಟಿದ್ದರು. ಹೊಲಮನೆ ಇದ್ದವರು, ಕೆಟ್ಟವರಲ್ಲ. ಹೊಡೆತ ಬಡಿತ ಇರಲಿಲ್ಲ. ಆದರೆ ಆ ಮನೆಯಲ್ಲಿ ಆಕೆ ಯಾವಾಗಲೂ ಕಿವಿ ನಿಮಿರಿಸಿಕೊಂಡೇ ಇರಬೇಕಿತ್ತು. ಅತ್ತೆಯ ಹೆಜ್ಜೆ, ಗಂಡನ ಗಾಡಿ, ಯಾರು ಯಾಕೆ ಕೆಮ್ಮಿದರು. ಮಗಳು ಹುಟ್ಟಿ ಕೆಲವು ವರ್ಷಕ್ಕೆ ಕಂಡಕ್ಟರ್ ಕೆಲಸ ಸಿಕ್ಕಿತು. ನೂರು ಗಂಡಸರ ನಡುವೆ ಟಿಕೆಟ್ ಹರಿಯುವ ಸೊಸೆ ಬೇಡವೆಂದರು. ಆಕೆ ಕೆಲಸ ಬಿಡಲಿಲ್ಲ. ಹಿರಿಯರು ಕೂತು ಮಾತಾಡಿ, ಇವಳಿಗೆ ಹೊತ್ತಲ್ಲದ ಹೊತ್ತಿನ ಡ್ಯೂಟಿ, ಹುಡುಗಿ ಅಜ್ಜಿಯ ಬಳಿ ಇರಲಿ, ರಜೆಯಲ್ಲಿ ತಾಯಿಯ ಹತ್ತಿರ ಕಳಿಸಲಿ ಎಂದು ತೀರ್ಮಾನಿಸಿದರು. ಆದರೆ ರಜೆಯಲ್ಲಿ ಕಳಿಸಲೇ ಇಲ್ಲ.

ಈಗ ಮಗಳು ಕಿತ್ತೂರಿನ ಹೈಸ್ಕೂಲಿಗೆ ಹೋಗುತ್ತಾಳೆ, ತಾಯಿಯ ಬಸ್ಸಿನಲ್ಲೇ. ಅದಕ್ಕಾಗಿಯೇ ಅಕ್ಕ ಬೈಲಹೊಂಗಲದ ಮೇಲೆ ಹೋಗುವ ಬೆಳಗಿನ ಕಿತ್ತೂರು ಬಸ್ಸನ್ನು ಕೇಳಿ ಹಾಕಿಸಿಕೊಂಡಿದ್ದಳು. ದೇಗಾಂವದ ಕಡೆಯ ಒಂದು ನಿಲ್ದಾಣದಲ್ಲಿ ಹುಡುಗಿ ಹತ್ತುತ್ತಾಳೆ. ಮಾತಾಡಬಾರದೆಂದು ಅಜ್ಜಿ ಹೇಳಿದ್ದರಿಂದ ಮಾತಾಡುವುದಿಲ್ಲ. ಅಕ್ಕ ಎಲ್ಲರಿಗೂ ಕೊಡುವಂತೆ ಶೂನ್ಯ ಟಿಕೆಟ್ ಕೊಡುತ್ತಾಳೆ. ಹುಡುಗಿ ತಲೆ ಎತ್ತದೆ ತೆಗೆದುಕೊಳ್ಳುತ್ತಾಳೆ. ಕಿತ್ತೂರಿನಲ್ಲಿ ಇಳಿದು ಹೋಗುತ್ತಾಳೆ.

"ಟಿಕೆಟ್ ತಗೊಳ್ಳೂವಾಗ ಒಂದೊಂದ ದಿನ ಬೆರಳು ತಾಗತೈತಿ," ಎಂದಳು. "ಅವತ್ತ ನಾ ರಾಣಿ. ತಾಗದ ದಿನ ಯಾಕ ತಾಗಲಿಲ್ಲ ಅಂತ ಯೋಚಿಸ್ಕೋತ ಬರತೇನಿ. ಹುಡುಗಿ ಬರದ ದಿನ ಅಂತೂ ಕೇಳಬ್ಯಾಡ."

ನೀರಿನ ಸದ್ದು ಜೋರಾಗಿತ್ತು. ಆಕೆ ಸುಲಿದ ಶೇಂಗಾ ಎಲ್ಲವನ್ನೂ ನನ್ನ ಅಂಗೈಗೆ ಸುರಿದು ಎದ್ದಳು.

ವಿಷಯ ತಿಳಿದ ಸುಬೇದಾರರು ಸೈನಿಕರ ರೀತಿಯಲ್ಲೇ ಲೆಕ್ಕ ಹಾಕಿದರು. ಸ್ಪರ್ಧೆ ಮುಗಿಯುವವರೆಗೆ ಆ ಮಾರ್ಗ ಬಿಡಬೇಕು. ರಾಮದುರ್ಗದ ಬಸ್ ತಡವಾಗಿ ಹೊರಡುತ್ತದೆ, ನಿದ್ದೆ ಸಿಗುತ್ತದೆ, ಪ್ರತಿ ಬೆಳಿಗ್ಗೆ ಎದೆ ಹಿಡಿದುಕೊಂಡು ನಿಲ್ದಾಣ ನೋಡುವುದು ತಪ್ಪುತ್ತದೆ. ಡಾಕ್ಟರಮ್ಮನಿಗೂ ಅದು ಸರಿ ಕಂಡಿತು. ಅಕ್ಕ ವಾರವೆಲ್ಲ ಯೋಚಿಸಿ, ಡಿಪೊದಲ್ಲಿ ತಾನೇ ಕೇಳಿ ರಾಮದುರ್ಗದ ಡ್ಯೂಟಿ ತೆಗೆದುಕೊಂಡಳು. ಈ ಸಲ ವೇದಿಕೆ ಹತ್ತಲೇಬೇಕು, ಹಮಾಲನ ಮಗಳು ಏನೆಂದು ಜನ ನೋಡಬೇಕು ಎಂದಳು.

ಆ ವಾರಗಳಲ್ಲಿ ನನಗೆ ಲಾಭವಾಯಿತು. ರಾಮದುರ್ಗದ ನಿಲ್ದಾಣಕ್ಕೆ ನಮ್ಮವ್ವ ಬಂದು ಸಜ್ಜೆರೊಟ್ಟಿ, ಪುಂಡಿಪಲ್ಲೆ, ಅಗಸಿ ಚಟ್ನಿ ಕಟ್ಟಿ ಅಕ್ಕನ ಕೈಗೆ ಕೊಡುತ್ತಿದ್ದಳು. ನಮ್ಮವ್ವನಿಗೆ ಆಕೆ ಎಷ್ಟು ಹಿಡಿಸಿದಳೆಂದರೆ, ಎರಡು ಗಂಟು ಬರತೊಡಗಿದವು. ಅಕ್ಕ ತನ್ನ ಗಂಟು ಬಿಚ್ಚಿ ನೋಡಿ, ಪಕ್ಕಕ್ಕೆ ಸರಿಸಿ, ಆಮೇಲೆ ಉಣ್ಣುತ್ತೇನೆ ಎನ್ನುತ್ತಿದ್ದಳು.

ನಿದ್ದೆ ಬರಲಿಲ್ಲ. ಹೊತ್ತು ಸಿಕ್ಕಿತ್ತು, ನಿದ್ದೆ ಸಿಗಲಿಲ್ಲ. ಕಿತ್ತೂರು ಬಸ್ ಬಿಡುವ ಹೊತ್ತಿಗೆ ಸರಿಯಾಗಿ ಎಚ್ಚರಾಗುತ್ತಿತ್ತು. ಎದ್ದು ಕೂತು, ಈಗ ಬೈಲಹೊಂಗಲ ಬಂತು, ಈಗ ದೇಗಾಂವ ಎಂದು ಮನಸ್ಸಿನಲ್ಲೇ ಬಸ್ ಓಡಿಸುತ್ತಿದ್ದಳು. ಮೊದಲು ಒಂದು ಗಳಿಗೆಯ ಆತಂಕವಿತ್ತು, ಈಗ ದಿನವಿಡೀ. ಕೆನ್ನೆಯ ಎಲುಬು ಕಾಣತೊಡಗಿತು. ಸುಬೇದಾರರು ಒಂದು ಮಧ್ಯಾಹ್ನ ಆಕೆಯ ಕೈಯಿಂದ ಭಾರದ ಸರಳು ಇಸಿದುಕೊಂಡು, ಹೋಗವ್ವಾ, ನಿನ್ನ ಬಸ್ಸಿಗೆ ಹೋಗು ಎಂದರಂತೆ. ಸ್ಪರ್ಧೆ ಹೋದರೆ ಹೋಗಲಿ ಎಂದರಂತೆ.

ಆಕೆ ಕಿತ್ತೂರು ಮಾರ್ಗಕ್ಕೆ ಮರಳಿದ ದಿನ ನಾನು ಅದೇ ಬಸ್ಸಿನಲ್ಲಿದ್ದೆ. ಕಿತ್ತೂರಿನಲ್ಲಿ ಆರೋಗ್ಯ ಶಿಬಿರವಿತ್ತು, ರಕ್ತದ ಮಾದರಿ ತರಲು ಹೊರಟಿದ್ದೆ. ಬೈಲಹೊಂಗಲ ದಾಟುವವರೆಗೆ ಆಕೆ ಎಲ್ಲರೊಂದಿಗೆ ಮಾತಾಡುತ್ತಿದ್ದಳು. ಆಮೇಲೆ ಮಾತು ಕಡಿಮೆಯಾಯಿತು. ಕೊನೆಗೆ ಬಾಗಿಲ ಹತ್ತಿರ ಹೋಗಿ ನಿಂತಳು.

ನೀಲಿ ಲಂಗ, ಬಿಗಿದ ಎರಡು ಜಡೆ, ಹುಡುಗಿ ಹತ್ತಿದಳು. ಉಳಿದವರ ಹಿಂದೆ ಒಳಗೆ ಹೋಗದೆ ಅಲ್ಲೇ ನಿಂತಳು. ಅಕ್ಕ ಯಂತ್ರ ಒತ್ತಿ ಟಿಕೆಟ್ ಚಾಚಿದಳು. ಹುಡುಗಿ ತೆಗೆದುಕೊಳ್ಳಲಿಲ್ಲ. ತಲೆ ಎತ್ತಿದಳು. ಮುಖ ನೋಡಿದ ಕೂಡಲೇ ತಾಯಿ ಮಗಳೆಂದು ಯಾರಿಗಾದರೂ ತಿಳಿಯುತ್ತಿತ್ತು.

"ಎಲ್ಲಿ ಹೋಗಿದ್ದಿ?"

ಅಕ್ಕನ ಕೈಯಲ್ಲಿ ಟಿಕೆಟ್ ಚಾಚಿದ ಹಾಗೇ ಇತ್ತು.

"ದಿನಾ ನೋಡತಿದ್ನಿ. ಬ್ಯಾರೇದವ್ರು ಬರತಿದ್ರು."

"ರಾಮದುರ್ಗಕ್ಕ ಡ್ಯೂಟಿ ಇತ್ತವ್ವಾ."

"ಅವರು ಹಾಕಿದ್ರೋ, ನೀನ ಕೇಳಿ ಹೋಗಿದ್ಯೋ?"

"ನಾನ ಕೇಳಿ ಹೋಗಿದ್ನಿ."

ಹುಡುಗಿ ಹೆಗಲ ಚೀಲ ಸರಿಮಾಡಿಕೊಂಡಳು. "ಇನ್ನೊಮ್ಮೆ ಕೇಳಬ್ಯಾಡ," ಎಂದು ಟಿಕೆಟ್ ತೆಗೆದುಕೊಂಡು ಒಳಗೆ ಹೋದಳು.

ಬಸ್ ನಿಂತೇ ಇತ್ತು. ಡ್ರೈವರ್ ಅಕ್ಕನ ಸೀಟಿಯ ಸದ್ದಿಗೆ ಕಾಯುತ್ತಿದ್ದ. ಅಕ್ಕ ಸೀಟಿಯನ್ನು ತುಟಿಗಿಟ್ಟುಕೊಂಡಳು, ಗಾಳಿ ಬಂತು, ಸದ್ದು ಬರಲಿಲ್ಲ. ಮತ್ತೆ ಊದಿದಳು. ಬರಲಿಲ್ಲ. ಕೊನೆಗೆ ಮುಂದೆ ಕೂತಿದ್ದ ಒಬ್ಬ ಮುದುಕ, ಹೋಗಲಿ, ಬಸ್ ಬಿಡಪ್ಪ ಎಂದು ಡ್ರೈವರಿಗೆ ಹೇಳಿದ. ಬಸ್ ಹೊರಟಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆಕೆ ನನ್ನನ್ನು ನೋಡಬಾರದೆಂದು.

ಅಂದಿನಿಂದ ಆಕೆಯನ್ನು ಬೆಳಿಗ್ಗೆ ಎಬ್ಬಿಸುವುದು ನನ್ನ ಕೆಲಸವಾಯಿತು. ಅಲಾರಾಂ ಹೊಡೆದು ನಿಂತರೂ ಏಳುತ್ತಿರಲಿಲ್ಲ. ಬಸ್ಸಿನಲ್ಲಿ ತಾಯಿ ಮಗಳು ದೊಡ್ಡ ಮಾತೇನೂ ಆಡುತ್ತಿರಲಿಲ್ಲವಂತೆ. ಗಣಿತದ ಪರೀಕ್ಷೆ ಹೇಗಾಯಿತು, ಕೆಮ್ಮು ಹೋಯಿತೋ ಇಲ್ಲವೋ. ಅಷ್ಟು ಸಾಕಾಯಿತು. ರೊಟ್ಟಿ ಮೈಗೆ ಹತ್ತತೊಡಗಿತು. ಭುಜಕ್ಕೆ ಮತ್ತೆ ದುಂಡು ಬಂತು, ಸಿಕ್ಕಿಹಾಕಿಕೊಂಡಿದ್ದ ಭಾರಗಳು ಮೇಲೇರಿದವು. ಡ್ಯೂಟಿ ಅದೇ, ಏಳುವ ಹೊತ್ತು ಅದೇ, ಊಟವೂ ಅದೇ. ನಾನು ಇದನ್ನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ಇದನ್ನ ಯಾವ ಟ್ಯೂಬಿನಾಗ ತುಂಬಿ ಕಳಸೂದ್ರಿ?" ಎಂದರು.

ಸ್ಪರ್ಧೆ ಹುಬ್ಬಳ್ಳಿಯಲ್ಲಿ ನಡೆಯಿತು. ನಾನು ಜೊತೆಗೆ ಹೋದೆ. ಚರ್ಮ ಬಿಗಿಯಾಗಲೆಂದು ಹಿಂದಿನ ದಿನದಿಂದ ನೀರು ಕುಡಿಯುವುದನ್ನು ಬಿಟ್ಟಿದ್ದರಿಂದ ಆಕೆಯ ತುಟಿ ಒಡೆದಿತ್ತು. ಸಭಾಂಗಣದ ಹಿಂದೆ ಸೀರೆಗಳನ್ನು ಕಟ್ಟಿ ಮರೆ ಮಾಡಿದ ಜಾಗದಲ್ಲಿ, ವೇದಿಕೆಯ ದೀಪಕ್ಕೆ ಸ್ನಾಯು ಎದ್ದು ಕಾಣಲೆಂದು ಹಚ್ಚುವ ಕಂದು ಬಣ್ಣವನ್ನು ನಾನು ಸ್ಪಂಜಿನಿಂದ ಆಕೆಯ ಬೆನ್ನಿಗೆ ಹಚ್ಚಿದೆ. ಅಷ್ಟು ವರ್ಷ ಒಂದೇ ಕೋಣೆಯಲ್ಲಿದ್ದರೂ ಆ ಬೆನ್ನನ್ನು ನಾನು ಹೀಗೆ ನೋಡಿರಲಿಲ್ಲ. ಆಕೆ ಉಸಿರೆಳೆದುಕೊಂಡು ಎರಡೂ ಬದಿ ಹರಡಿದಳು.

"ಅಪ್ಪ ಕಾಣತಾನೇನ ನೋಡು," ಎಂದಳು.

ಆಕೆಯ ಅಪ್ಪನನ್ನು ನಾನು ಕಂಡವಳಲ್ಲ. "ಕಾಣತಾನಕ್ಕಾ," ಎಂದೆ. ಸುಳ್ಳು ಹೇಳಿದೆನೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಬಹುಮಾನ ಬರಲಿಲ್ಲ. ಮಂಗಳೂರು, ಬೆಂಗಳೂರಿನ ಹೆಣ್ಣುಮಕ್ಕಳು ಬಹಳ ಮುಂದಿದ್ದರು. ಆದರೆ ಬೆನ್ನು ತಿರುಗಿಸಿ ನಿಲ್ಲಿ ಎಂದಾಗ ಸಭೆಯಲ್ಲಿ ಒಂದು ಗುಜುಗುಜು ಎದ್ದದ್ದನ್ನು ನಾನು ಕೇಳಿದೆ. ಸುಬೇದಾರರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಮರಳುವ ಬಸ್ಸಿನಲ್ಲಿ ಅಕ್ಕ ಒಂದು ಪೊಟ್ಟಣ ಪೇಡೆಯನ್ನು ಒಬ್ಬಳೇ ಮುಗಿಸಿದಳು.

ಭಯವಿದ್ದದ್ದು ಫೋಟೋದ ಬಗ್ಗೆ. ತುಂಡು ಬಟ್ಟೆಯಲ್ಲಿ ವೇದಿಕೆಯ ಮೇಲೆ ನಿಂತ ಫೋಟೋ ಮೊಬೈಲುಗಳಲ್ಲಿ ಹರಿದಾಡಿ ಕಿತ್ತೂರಿನ ಕಡೆಗೂ ಹೋಯಿತು. ಇನ್ನು ಹುಡುಗಿಯನ್ನು ಬೇರೆ ಬಸ್ಸಿಗೆ ಹತ್ತಿಸುತ್ತಾರೆ ಎಂದು ನಾನು ಅಂದುಕೊಂಡೆ. ಅಕ್ಕನಿಗೂ ಹಾಗೇ ಅನಿಸಿತ್ತು. ಆಮೇಲೆ ನಡೆದದ್ದನ್ನು ಆಕೆ ಕೋಣೆಯ ನಡುವೆ ನಿಂತು, ಇಬ್ಬರ ದನಿಯನ್ನೂ ತಾನೇ ಮಾಡಿ ತೋರಿಸಿದಳು.

ಆ ದಿನ ನಿಲ್ದಾಣದಲ್ಲಿ ಮೊಮ್ಮಗಳ ಜೊತೆ ಅತ್ತೆಯೂ ನಿಂತಿದ್ದಳು. ಹತ್ತಿ ಬಂದು ಮುಂದಿನ ಸೀಟಿನ ಬಳಿ ನಿಂತಳು. ಬಸ್ಸಿನವರೆಲ್ಲ ಕತ್ತು ಹೊರಳಿಸಿ ನೋಡಿದರು. ಆ ಮಾರ್ಗದವರಿಗೆಲ್ಲ ವಿಷಯ ಗೊತ್ತಿತ್ತು. ಅಕ್ಕ ಎಲ್ಲರನ್ನೂ ಕೇಳುವಂತೆ ಆಧಾರ್ ಕಾರ್ಡು ತೋರಿಸಲು ಕೇಳಿದಳು. ಮುದುಕಿ ಕಾರ್ಡು ತೆಗೆಯುವ ಬದಲು ಕೈ ಚಾಚಿ ಖಾಕಿ ತೋಳಿನ ಮೇಲಿಂದ ಆಕೆಯ ರಟ್ಟೆಯನ್ನು ಹಿಡಿದಳು. ಹಿಸುಕಿ ನೋಡಿದಳು, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ.

"ನಮ್ಮ ಮನ್ಯಾಗಿದ್ದಾಗ ಕಡ್ಡಿ ಆಗಿದ್ಯಲ್ಲ," ಎಂದಳು. "ಉಣ್ಣಾಕ ನಾ ಏನೂ ಕಡಿಮಿ ಮಾಡಿದ್ದಿಲ್ಲ."

"ಇಲ್ರಿ ಅತ್ತಿ. ಉಣ್ಣಾಕ ಏನೂ ಕಡಿಮಿ ಮಾಡಿದ್ದಿಲ್ಲ."

ಅದರಲ್ಲಿ ವ್ಯಂಗ್ಯವಿರಲಿಲ್ಲ, ಸತ್ಯವನ್ನೇ ಹೇಳಿದೆ ಎಂದಳು ಅಕ್ಕ. ಮುದುಕಿ ರಟ್ಟೆ ಬಿಟ್ಟು ಕೂತಳು. ಕಿತ್ತೂರಿನವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಮೆಟ್ಟಿಲು ಎತ್ತರವಾಗಿ, ಮೊಮ್ಮಗಳು ಕೈ ಕೊಟ್ಟರೂ ಬಿಟ್ಟು, ಸೊಸೆಯ ತೋಳಿನ ಮೇಲೆ ಭಾರ ಹಾಕಿ ಇಳಿದಳು. ಆ ಭಾರವನ್ನು ತೋರಿಸಲು ಅಕ್ಕ ನನ್ನ ತೋಳಿನ ಮೇಲೆ ಒರಗಿದಳು. ಹೀಗೆ ಒರಗಿದಳು ನೋಡು, ಎಂದಳು. ಹಾಗೇ ಒರಗಿ ಬಹಳ ಹೊತ್ತು ನಿಂತಿದ್ದಳು.

ಆಮೇಲೆ ಜಗಳವಿಲ್ಲದೆ ಎಲ್ಲ ಆಯಿತು. ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಹುಡುಗಿ ತಾಯಿಯ ಬಳಿ ಇರುತ್ತೇನೆ ಎಂದಳು. ಅಪ್ಪ ಗೊಣಗಿದರೂ, ಕಳಿಸು ಎಂದವಳು ಅಜ್ಜಿಯೇ ಅಂತೆ. ಡಿಪ್ಲೊಮಾ ಓದಲು ಸಮುದ್ರದ ಕಡೆಯ ಒಂದು ಊರಿನಲ್ಲಿ ಸೀಟು ಸಿಕ್ಕಿತು. ಅಕ್ಕ ಅಲ್ಲಿನ ಡಿಪೊಗೆ ವರ್ಗ ಕೇಳಿದಳು, ಸಿಕ್ಕಿತು. ನನಗೆ ಮೊದಲು ಹೇಳಿದಾಗ ನಾನು ಎಷ್ಟು ಜೋರಾಗಿ ಸಂತೋಷಪಟ್ಟೆನೆಂದರೆ, ಮನೆಯೊಡತಿ ಕೆಳಗಿನಿಂದ ಏನಾಯಿತೆಂದು ಕೇಳಿದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಗೊತ್ತಾಗದ ವಿಷಯವಿರಲಿಲ್ಲ.

ಹೊರಡುವ ದಿನ ಹುಡುಗಿಯೇ ಬಂದು ಸಾಮಾನು ಕಟ್ಟಿದಳು. ಒಡತಿ ಅವಳ ಹಣೆಗೆ ವಿಭೂತಿ ಹಚ್ಚಿ, ಉಡಿ ತುಂಬಿ ಕಳಿಸಿದರು. ನಾನು ಲ್ಯಾಬಿಗೆ ಹೋಗಲೇಬೇಕಿತ್ತು, ಅಂದು ರೋಗಿಗಳು ಬಹಳ. ಕೈಗವಸು ಹಾಕಿಕೊಂಡೇ ನಿಲ್ದಾಣಕ್ಕೆ ಓಡಿದಾಗ ಬಸ್ ಹೊರಡುತ್ತಿತ್ತು. ಅಕ್ಕ ಅಂದು ಪ್ರಯಾಣಿಕಳು, ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ನಾನು ಕೂಡ್ರು ಕೂಡ್ರು ಎಂದು ಸನ್ನೆ ಮಾಡಿದೆ.

ಮೊದಮೊದಲು ದಿನಾ ಫೋನು. ಆಮೇಲೆ ವಾರಕ್ಕೊಮ್ಮೆ. ಆಕೆಗೆ ಹೊಸ ಮಾರ್ಗ, ಹೊಸ ಮನೆ, ಮಗಳ ಕಾಲೇಜು. ನನಗೂ ಹೇಳಲು ಹೊಸದೇನಿರುತ್ತದೆ? ರಾಮದುರ್ಗದಿಂದ ನಮ್ಮವ್ವ ಈಗಲೂ ಯಾರದೋ ಕೈಯಲ್ಲಿ ರೊಟ್ಟಿ ಕಳಿಸುತ್ತಾಳೆ. ಎರಡನೆಯ ಗಂಟು ನಿಂತಿದೆ.

ಹೋದ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಕೋಣೆ ಬಹಳ ಸುಮ್ಮನಾಗಿತ್ತು. ಆಕೆಯ ದನಿ ಕೇಳಬೇಕೆನಿಸಿತು. ಕಾರಣವೇನೂ ಇರಲಿಲ್ಲ. ಫೋನು ಮಾಡಿದೆ. ಮಗಳು ಎತ್ತಿಕೊಂಡಳು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದು, ದನಿ ತಗ್ಗಿಸಿ ಮಾತಾಡಿದಳು.

"ಅವ್ವ ಮಲಗ್ಯಾಳ್ರಿ. ಉಂಡಾಕಿನ ಮಲಗಿದ್ಲು, ಇನ್ನೂ ಎದ್ದಿಲ್ಲ. ಎಬ್ಬಸ್ಲೇನ್ರಿ?"

ಫೋನಿನ ಆಚೆ ಪಂಖದ ಸದ್ದು ಕೇಳುತ್ತಿತ್ತು. ಅದರ ಕೆಳಗೆ, ಕಿವಿಗೊಟ್ಟರೆ, ಇನ್ನೊಂದು ಸದ್ದು. ನಿಧಾನ, ಉದ್ದ, ನನಗೆ ಚೆನ್ನಾಗಿ ಪರಿಚಯವಿದ್ದ ಉಸಿರು.

"ಬ್ಯಾಡವ್ವಾ," ಎಂದೆ. "ಮಲಗ್ಲಿ."

ಅವಳು ಇಡಲಿಲ್ಲ, ನಾನೂ ಇಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಕೇಳುತ್ತ ಕೂತೆವು.